ನಮ್ಮ ಸೈಟುಗಳ ಕೆಳಗಿರೋ ಕೆಮ್ಮಣ್ಣು

ಕೆಮ್ಮಣ್ಣಿನ ಕರೆ ಅಷ್ಟು ಸುಲಭಕ್ಕೆ ಹೋಗಲ್ಲ. ಬಿಳಿ ಪಂಚೆ ಅಂಚಿಗೋ, ಮಕ್ಕಳ ಯೂನಿಫಾರಂ ಕಾಲುಚೀಲಕ್ಕೋ ಹತ್ತಿತು ಅಂದರೆ ಎಷ್ಟು ಸೋಪು ಉಜ್ಜಿದರೂ ತಿಳಿ ಕಂದು ಗೆರೆ ಒಂದು ಉಳ್ಕೊಂಡೇ ಇರುತ್ತೆ. ಎಣ್ಣೆ ಜಿಡ್ಡಾದರೆ ಸೋಪಿಗೆ ಬಿಡುತ್ತೆ. ಇದು ಬಿಡಲ್ಲ, ಯಾಕೆಂದರೆ ಇದು ಕಬ್ಬಿಣದ ತುಕ್ಕು. ಮೊಳೆ ತುಕ್ಕು ಬಟ್ಟೆಗೆ ಹತ್ತಿದಾಗ ನಿಂಬೆಹಣ್ಣು, ಉಪ್ಪು ಹಚ್ಚಿ ಬಿಸಿಲಿಗೆ ಹಾಕ್ತೀವಲ್ಲ, ಕೆಮ್ಮಣ್ಣಿನ ಕರೆಗೂ ತಕ್ಕಮಟ್ಟಿಗೆ ಅದೇ ಮದ್ದು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಆ ಕಡೆ ಕೆಂಗೇರಿವರೆಗೂ ಎಲ್ಲಿ ಪಾಯ ತೆಗೆದರೂ ಬರೋದು ಈ ಮಣ್ಣೇ. ಟಾರು, ಕಾಂಕ್ರೀಟು, ಟೈಲ್ಸು ಎಲ್ಲದರ ಅಡಿಗೆ ಮಲಗಿದೆ. ನಮ್ಮತ್ತೆ ಮಾಗಡಿ ಕಡೆಯವರು. ಮಣ್ಣು ನೋಡಿದ ತಕ್ಷಣ ಕೈಯಲ್ಲಿ ಒಂದು ಹಿಡಿ ಎತ್ತಿ, ಉಂಡೆ ಮಾಡಿ, ಒಡೆದು ನೋಡೋರು. ಉಂಡೆ ಆಗಬೇಕು, ಆದರೆ ಬೆರಳಲ್ಲಿ ಒತ್ತಿದರೆ ಪುಡಿ ಆಗಬೇಕು, ಅದು ರಾಗಿ ಮಣ್ಣು ಅಂತ ಅವರ ಲೆಕ್ಕ. ಈಗ ಪ್ರಯೋಗಾಲಯದವರೂ ಮೊದಲು ಮಾಡೋ ಪರೀಕ್ಷೆ ಹೆಚ್ಚೂಕಮ್ಮಿ ಅದೇ.

ಈ ಕೆಂಪು ಬಂದಿದ್ದು ಎಲ್ಲಿಂದ? ಅದನ್ನ ನೋಡಬೇಕಂದ್ರೆ ಲಾಲ್‌ಬಾಗಿನ ಬಂಡೆ ಹತ್ತಬೇಕು. ಕೆಂಪೇಗೌಡರ ಗೋಪುರ ಇರೋ ಆ ಬಂಡೆ ಸುಮಾರು 300 ಕೋಟಿ ವರ್ಷದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕವನ್ನೇ ಹಾಕಿದ್ದಾರೆ. ಈ ಜಾತಿ ಕಲ್ಲಿಗೆ ‘ಪೆನಿನ್ಸುಲಾರ್ ನೈಸ್’ ಅಂತ ಹೆಸರಿಟ್ಟಿದ್ದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್, 1916ರಲ್ಲಿ. ಬೂದು ಬಣ್ಣದ ಕಲ್ಲು, ಮೈಮೇಲೆ ಬಿಳಿ-ಕಪ್ಪು ಪಟ್ಟೆ. ಇಂಥ ಬೂದು ಕಲ್ಲಿಂದ ಕೆಂಪು ಮಣ್ಣು ಹೇಗೆ ಬಂತು ಅನ್ನೋದೇ ನನಗೆ ಬಹಳ ದಿನ ಅರ್ಥ ಆಗದ ವಿಷಯ. ನಾನು ಪಿಯುಸಿಯಲ್ಲಿ ಓದಿದ್ದು ಆರ್ಟ್ಸು. ಆಮೇಲೆ ಮಗನ ಪುಸ್ತಕ, ಲೈಬ್ರರಿ ಪುಸ್ತಕ ಓದಿಕೊಂಡು ತಿಳ್ಕೊಂಡಿದ್ದು ಇಷ್ಟು.

ಕಲ್ಲಲ್ಲಿ ಮೂರು ನಾಲ್ಕು ಬಗೆ ಖನಿಜ ಸೇರ್ಕೊಂಡಿರುತ್ತೆ. ಮಳೆ, ಬಿಸಿಲು, ಬೇರು, ಇವೆಲ್ಲಾ ಲಕ್ಷಾಂತರ ವರ್ಷ ತಿಂದಾಗ ಬಿಳಿ ಖನಿಜ ಕರಗಿ ಜೇಡಿ ಆಗುತ್ತೆ. ಗಾಜಿನ ಥರ ಇರೋ ಬೆಣಚು ಕರಗಲ್ಲ, ಅದು ಮರಳು ಕಾಳಾಗಿ ಉಳ್ಕೊಳ್ಳುತ್ತೆ. ಕಪ್ಪು ಚುಕ್ಕೆಗಳಲ್ಲಿ ಕಬ್ಬಿಣ ಇರುತ್ತೆ, ಅದು ಗಾಳಿ ನೀರು ತಗುಲಿ ತುಕ್ಕು ಹಿಡಿದು ಜೇಡಿಗೂ ಮರಳಿಗೂ ಬಣ್ಣ ಬಳಿಯುತ್ತೆ. ಕಬ್ಬಿಣ ಏನು ತುಂಬಾ ಇರಲ್ಲ. ಒಂದು ಬಕೆಟ್ ಬಟ್ಟೆಗೆ ಒಂದು ಚಮಚ ಬಣ್ಣ ಸಾಕಲ್ಲ, ಹಂಗೆ. ಸುಣ್ಣದಂಶ, ಪೊಟ್ಯಾಶಿನಂಶ ಮಳೆ ನೀರಲ್ಲಿ ತೊಳೆದು ಹೋಗಿರುತ್ತೆ. ಹಾಗಾಗಿ ನಮ್ಮ ಮಣ್ಣು ಸ್ವಲ್ಪ ಹುಳಿ, ಸಾರ ಕಡಿಮೆ. ಸಾರಜನಕ ಕಡಿಮೆ, ರಂಜಕ ಕಡಿಮೆ. ಹಾಕಿದ ಗೊಬ್ಬರವನ್ನೂ ಬಹಳ ದಿನ ಹಿಡ್ಕೊಳ್ಳೋ ಶಕ್ತಿ ಇಲ್ಲ.

ಪಾಯ ಅಗೆಯೋವಾಗ ನಿಂತು ನೋಡಿ. ಮೇಲಿನ ಒಂದು ಗೇಣು ಸಡಿಲ, ಮರಳು ಮರಳು, ಬಣ್ಣವೂ ಮಾಸಲು. ಅದರ ಕೆಳಗೆ ಗಟ್ಟಿ ಕೆಂಪು, ಜೇಡಿ ಜಾಸ್ತಿ, ಸಲಿಕೆಗೆ ಅಂಟುತ್ತೆ. ಮೇಲಿನ ಜೇಡಿ ಮಳೆ ಜೊತೆ ಇಳಿದು ಅಲ್ಲಿ ಕೂತಿರುತ್ತೆ. ಇನ್ನೂ ಕೆಳಗೆ ಹೋದರೆ ಬಿಳಿ, ಹಳದಿ, ಕೆಂಪು ಕಲೆ ಕಲೆ ಇರೋ ಮಣ್ಣು. ನೋಡೋಕೆ ಕಲ್ಲಿನ ಪಟ್ಟೆ ಹಾಗೇ ಇರುತ್ತೆ, ಕೈಯಲ್ಲಿ ಒತ್ತಿದರೆ ಪುಡಿಪುಡಿ. ಅರ್ಧ ಕಲ್ಲು, ಅರ್ಧ ಮಣ್ಣು. ನೀರು ನಿಲ್ಲೋದು ಅಲ್ಲೇ, ಹಳೇ ತೆರೆದ ಬಾವಿಗಳಿಗೆ ಊಟೆ ಬರ್ತಿದ್ದದ್ದೂ ಅಲ್ಲಿಂದಲೇ.

ಮಣ್ಣು ವಿಜ್ಞಾನಿಗಳು ಒಂದೊಂದು ಮಣ್ಣಿನ ಬಗೆಗೂ ಅದನ್ನ ಮೊದಲು ಗುರುತಿಸಿದ ಊರ ಹೆಸರು ಇಡ್ತಾರೆ. ಜಿಕೆವಿಕೆ ಕಡೆ ಇರೋ ಕೆಮ್ಮಣ್ಣಿಗೆ ‘ವಿಜಯಪುರ ಸರಣಿ’ ಅಂತ ಹೆಸರು. ಇದು ದೇವನಹಳ್ಳಿ ಹತ್ತಿರದ ವಿಜಯಪುರ. ಬಿಜಾಪುರ ಈಗ ವಿಜಯಪುರ ಆಗಿರೋದರಿಂದ ಯಾರಾದರೂ ಗೊಂದಲ ಮಾಡ್ಕೊಳ್ಳೋದು ಗ್ಯಾರಂಟಿ, ಯಾಕೆಂದರೆ ಆ ವಿಜಯಪುರದ ಎರೆಮಣ್ಣು ಇದಕ್ಕೆ ಪೂರ್ತಿ ತದ್ವಿರುದ್ಧ.

ಎರೆ ಅಂದರೆ ಕಪ್ಪು ಮಣ್ಣು. ಅಲ್ಲಿ ಬಹುಪಾಲು ಲಾವಾ ಕಲ್ಲಿಂದ ಆಗಿದ್ದು. ಅದರ ಜೇಡಿ ನೀರು ಕುಡಿದರೆ ಹಿಟ್ಟು ನೆನೆದ ಹಾಗೆ ಉಬ್ಬುತ್ತೆ, ಬೇಸಿಗೆಯಲ್ಲಿ ಕಾಲು ಸಿಕ್ಕೊಳ್ಳೋ ಅಷ್ಟು ಬಿರುಕು ಬಿಡುತ್ತೆ. ಮಳೆಗಾಲದ ನೀರನ್ನ ಹೊಟ್ಟೆಯಲ್ಲಿ ಇಟ್ಕೊಂಡು, ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳಕ್ಕೆ ಚಳಿಗಾಲ ಪೂರ್ತಿ ಸ್ವಲ್ಪ ಸ್ವಲ್ಪ ಕೊಡುತ್ತೆ. ನಮ್ಮ ಕೆಮ್ಮಣ್ಣಿನ ಜೇಡಿ ಉಬ್ಬೋದೂ ಇಲ್ಲ, ಬಿರಿಯೋದೂ ಇಲ್ಲ. ನೀರು ಹೊಯ್ದರೆ ಗಟಗಟ ಕುಡಿದು ಕೆಳಗೆ ಬಿಟ್ಟುಬಿಡುತ್ತೆ. ಎಂಟು ಹತ್ತು ದಿನ ಬಿಸಿಲಾದರೆ ಮೇಲ್ಗಡೆ ಒಣಒಣ. ಅವರ ತಟ್ಟೆಗೆ ಜೋಳದ ರೊಟ್ಟಿ, ನಮ್ಮ ತಟ್ಟೆಗೆ ರಾಗಿ ಮುದ್ದೆ ಬಂದಿದ್ದರಲ್ಲಿ ರುಚಿಗಿಂತ ಹೆಚ್ಚು ಪಾಲು ಈ ಎರಡು ಜೇಡಿಗಳದ್ದು ಅಂತ ನನ್ನ ಅಭಿಪ್ರಾಯ.

ಮಣ್ಣಿನ ಗುಣಕ್ಕೆ ತಕ್ಕ ಮಳೆ ಇರಬೇಕಲ್ಲ, ನಮ್ಮ ಪುಣ್ಯಕ್ಕೆ ಅದಿದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಕರಾವಳಿಯ ಹಾಗೆ ಒಂದೇ ಸಮನೆ ಸುರಿಯಲ್ಲ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಜೊತೆ ಒಂದು ಸುತ್ತು, ಮಧ್ಯೆ ಜೂನ್‌ನಲ್ಲಿ ಜಿಟಿಜಿಟಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ದೊಡ್ಡ ಸುತ್ತು. ಭರಣಿ ಕೃತ್ತಿಕೆ ಮಳೆಗೆ ಹೊಲ ಉತ್ತು ಹದ ಮಾಡ್ಕೊಳ್ಳೋದು, ಪುನರ್ವಸು ಪುಷ್ಯಕ್ಕೆ ರಾಗಿ ಬಿತ್ತೋದು, ತೆನೆ ಕಟ್ಟೋ ಹೊತ್ತಿಗೆ ಉತ್ತರೆ ಹಸ್ತೆ ಮಳೆ ಬರೋದು. ರಾಗಿ ಅನ್ನೋದು ನಡುವೆ ಒಂದಿಷ್ಟು ದಿನ ಮಳೆ ಕೈಕೊಟ್ಟರೂ ಎಲೆ ಸುರುಳಿ ಮಾಡ್ಕೊಂಡು ಕಾಯುತ್ತೆ, ಮಳೆ ಬಿದ್ದ ಮಾರನೇ ದಿನ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ನಿಲ್ಲುತ್ತೆ. ಭತ್ತಕ್ಕೆ ಈ ತಾಳ್ಮೆ ಇಲ್ಲ.

ಒಂದು ಕೆಟ್ಟ ಗುಣವೂ ಇದೆ. ಜೋರು ಮಳೆ ಬಿದ್ದು ಬಿಸಿಲು ಬಂದರೆ ಕೆಮ್ಮಣ್ಣಿನ ಮೇಲೆ ಹಪ್ಪಳದ ಹಾಗೆ ತೆಳ್ಳಗೆ ಗಟ್ಟಿ ಪದರ ಕಟ್ಟುತ್ತೆ. ಮೊಳಕೆ ಮೇಲೆ ಬರೋಕಾಗಲ್ಲ, ಮುಂದಿನ ಮಳೆ ಒಳಗಿಳಿಯಲ್ಲ, ಹರಿದು ಹೋಗುತ್ತೆ. ಅದಕ್ಕೇ ಎಳೇ ರಾಗಿ ಹೊಲದಲ್ಲಿ ಎತ್ತು ಕಟ್ಟಿ ಕುಂಟೆ ಹೊಡೀತಿದ್ರು. ಪೈರು ಸ್ವಲ್ಪ ತುಳಿತಕ್ಕೆ ಸಿಕ್ಕಿ ಮಲಗಿದರೂ ಚಿಂತೆ ಮಾಡ್ತಿರಲಿಲ್ಲ. ಕಳೆ ಕಿತ್ತು ಬರುತ್ತೆ, ಪದರ ಒಡೆಯುತ್ತೆ, ಮಳೆ ನೀರು ಇಳಿಯುತ್ತೆ, ಒಂದೇ ಕೆಲಸದಲ್ಲಿ ಮೂರು. ಮಧ್ಯೆ ಮಧ್ಯೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಅವರೆ ಬೇರಿನ ಗಂಟಲ್ಲಿ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತೆ. ಇಲ್ಲದ್ದನ್ನ ತಂದುಕೊಡೋ ಗಿಡ ಅದು. ಡಿಸೆಂಬರ್ ಜನವರಿಯಲ್ಲಿ ಮಾಗಡಿ ರಸ್ತೆ ಬದಿ ಸೊಗಡಿನ ಅವರೆಕಾಯಿ ರಾಶಿ ಕಂಡಾಗ ನಾವು ಇಬ್ಬನಿ ಬಿದ್ದ ಕಾಯಿ ಅಂತ ಮೂಸಿ ನೋಡ್ತೀವಿ, ಅದರ ಹಿಂದೆ ಇದೆಲ್ಲಾ ಇದೆ.

ಈಗ ನೆಲದ ಇಳಿಜಾರಿನ ವಿಷಯ ಹೇಳದೆ ಮುಂದಕ್ಕೆ ಹೋಗೋಕಾಗಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದ ಒಂದು ದಿಬ್ಬದ ಮೇಲೆ ಕೂತಿರೋ ಊರು. ದಿಬ್ಬದ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ನಮ್ಮ ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ ಸೇರಿ, ಕೆಂಗೇರಿ ದಾಟಿ, ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆ ಕಡೆ ಇಳೀತಾ ಹೋಗಿ, ಆಟೋ ಬ್ರೇಕ್ ಹಿಡಿಯೋದರಲ್ಲೇ ಗೊತ್ತಾಗುತ್ತೆ. ದಿಬ್ಬದ ತಲೆಯಲ್ಲಿ ಮಣ್ಣು ತೆಳು, ಗರಸು ಕಲ್ಲು ಜಾಸ್ತಿ. ಇಳಿಜಾರಿನ ಮಧ್ಯೆ ಆಳವಾದ ಕೆಮ್ಮಣ್ಣು. ತಗ್ಗಿನಲ್ಲಿ ಬಣ್ಣವೇ ಬೇರೆ, ಬೂದು, ಕಪ್ಪು, ನುಣ್ಣಗೆ ಜಿಗುಟು. ಕಲ್ಲು ಒಂದೇ, ಮಳೆ ಒಂದೇ. ಸಾವಿರಾರು ಮಳೆಗಾಲ ಮೇಲಿನ ನುಣುಪು ಮಣ್ಣನ್ನೂ ಸಾರವನ್ನೂ ತೊಳ್ಕೊಂಡು ಹೋಗಿ ತಗ್ಗಲ್ಲಿ ಕೂರಿಸಿದೆ, ಅಷ್ಟೇ ವ್ಯತ್ಯಾಸ.

ನಮ್ಮ ಹಿಂದಿನವರು ಕೆರೆ ಕಟ್ಟಿದ್ದು ಈ ತಗ್ಗುಗಳಲ್ಲಿ. ಕೆರೆ ಅಂದ ಕೂಡಲೇ ಎಲ್ಲರೂ ನೀರಿನ ಮಾತಾಡ್ತಾರೆ. ನನಗೆ ಹೇಳಬೇಕಾಗಿರೋದು ಮಣ್ಣಿನ ಮಾತು. ದಿಬ್ಬದ ಹೊಲದಿಂದ ತೊಳೆದು ಬಂದ ಸಾರ ಕೆರೆ ತಳದಲ್ಲಿ ಗೋಡಾಗಿ ನಿಲ್ಲುತ್ತೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಆ ಗೋಡನ್ನ ಗಾಡಿಗೆ ತುಂಬಿ ಮತ್ತೆ ಮೇಲಿನ ಹೊಲಕ್ಕೆ ಹೊಡೀತಿದ್ರು. ನಮ್ಮತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಹೊತ್ತ ಮಂಕರಿಗಳ ಲೆಕ್ಕ ಕೊನೇವರೆಗೂ ಹೇಳ್ತಿದ್ರು. “ಕೆಂಪು ಒಲಕ್ಕೆ ಗೋಡು ಆಕ್ದೆ, ಗೊಬ್ರ ಆಕ್ದೆ ರಾಗಿ ಕೇಳಿದ್ರೆ ಎಲ್ಲಿಂದ ಕೊಟ್ಟೀತು ಕಣಮ್ಮಿ” ಅನ್ನೋರು. ಮರಳು ಜಾಸ್ತಿ ಇರೋ ಮಣ್ಣಿಗೆ ಜೇಡಿ ಸೇರಿದರೆ ನೀರು ಎರಡು ದಿನ ಹೆಚ್ಚು ನಿಲ್ಲುತ್ತೆ. ಇಳಿದು ಹೋದದ್ದನ್ನ ವಾಪಸ್ ಹತ್ತಿಸೋದು ವರ್ಷ ವರ್ಷದ ಕೆಲಸ. ಕೆರೆ, ಹೊಲ ಎರಡೂ ಉಳಿದದ್ದು ಅದರಿಂದ.

ಅದೇ ಕೆರೆಯ ಜೇಡಿಯಲ್ಲಿ ಮಡಕೆ, ಗಣೇಶ. ಗಣೇಶನ್ನ ಬರೀ ಕೆಮ್ಮಣ್ಣಲ್ಲಿ ಮಾಡೋಕೆ ಹೋಗಿ ನೋಡಿ, ಸೊಂಡಿಲು ನಿಲ್ಲಲ್ಲ, ಉದುರಿಹೋಗುತ್ತೆ.

1800ರಲ್ಲಿ, ಟಿಪ್ಪು ಸತ್ತ ಮಾರನೇ ವರ್ಷ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಈ ಸೀಮೆಯೆಲ್ಲಾ ಸುತ್ತಿ ರೈತರನ್ನ ಕೇಳಿ ಕೇಳಿ ಬರ್ಕೊಂಡ. 1807ರಲ್ಲಿ ಅದು ಪುಸ್ತಕ ಆಯ್ತು. ಎರೆ, ಕೆಬ್ಬೆ, ಮರಳು ಅಂತ ಮಣ್ಣಿಗೆ ನಮ್ಮ ಜನ ಇಟ್ಟಿದ್ದ ಹೆಸರುಗಳು ಅದರಲ್ಲಿವೆ. ಕೆಬ್ಬೆ ಅಂದರೆ ನಮ್ಮ ಈ ಕೆಂಪು. ರೈತರು ಗುಂಡಿ ತೋಡಿ ಸಗಣಿ, ಕೊಟ್ಟಿಗೆ ಕಸ, ಮನೆ ಬೂದಿ ಎಲ್ಲಾ ಹಾಕಿ ತಿಪ್ಪೆ ಮಾಡೋದನ್ನೂ ಬರೆದಿದ್ದಾನೆ. ಒಲೆ ಬೂದಿ ತಿಪ್ಪೆಗೆ ಹಾಕೋದು ಹೆಂಗಸರ ಕೆಲಸ. ಮಳೆ ತೊಳೆದು ಹಾಕಿದ ಪೊಟ್ಯಾಶು, ಸುಣ್ಣ ಎರಡೂ ಬೂದಿಯಲ್ಲಿರುತ್ತೆ, ಮಣ್ಣಿನ ಹುಳಿಯನ್ನೂ ಮುರಿಯುತ್ತೆ. ಯಾರ ಹೆಸರೂ ಪುಸ್ತಕಕ್ಕೆ ಬರಲಿಲ್ಲ, ಇರಲಿ.

ಆಮೇಲೆ ಕಂದಾಯದವರು ಬಂದರು. ಮೈಸೂರು ಸಂಸ್ಥಾನದಲ್ಲಿ 1863ರಿಂದ ಶುರುವಾದ ಸರ್ವೆಯಲ್ಲಿ ಬೊಂಬಾಯಿ ಪದ್ಧತಿ ಪ್ರಕಾರ ಮಣ್ಣಿಗೆ ಆಣೆ ಲೆಕ್ಕ ಹಾಕ್ತಿದ್ರು. ಹೊಲದಲ್ಲಿ ಅಗೆದು ಬಣ್ಣ, ಹದ, ಆಳ ನೋಡೋದು. ಆಳವಾದ ಒಳ್ಳೇ ಮಣ್ಣು 16 ಆಣೆ, ಗರಸು ಕಲ್ಲು ಬಂದ ಹಾಗೆಲ್ಲಾ ಆಣೆ ಇಳೀತಾ ಹೋಗೋದು. ಅದರ ಮೇಲೆ ಕಂದಾಯ. ಹೆಣ್ಣು ನೋಡೋಕೆ ಬಂದವರ ಥರ ಮಣ್ಣಿನ ಬಣ್ಣ ನೋಡಿ ಬೆಲೆ ಕಟ್ಟಿದ್ದು ಅಂತ ನಾನು ತಮಾಷೆ ಮಾಡೋದುಂಟು. ಇವತ್ತಿಗೂ ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಅಂತ ಒಂದು ಕಲಂ ಇದೆ, ನಮ್ಮ ಕಡೆಯ ಪಹಣಿ ತೆಗೆಸಿದರೆ ಅಲ್ಲಿ ‘ಕೆಂಪು’ ಅಂತ ಇರುತ್ತೆ.

1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಆಗ ಅವರೇ ರೀಜೆಂಟರು, ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಕೃಷಿ ಪ್ರಯೋಗ ಕೇಂದ್ರ ಶುರು ಮಾಡಿಸಿದರು. ಡಾ. ಲೆಹ್ಮನ್ ಅನ್ನೋ ವಿಜ್ಞಾನಿ ಅಲ್ಲಿ ಮೊದಲು ಕೈ ಹಾಕಿದ್ದೇ ಬೆಳೆಗೆ ಈ ಮಣ್ಣಲ್ಲಿ ಏನು ಸಾಲದು ಅನ್ನೋ ಪ್ರಶ್ನೆಗೆ. ಇವತ್ತಿನ ಕೃಷಿ ವಿಶ್ವವಿದ್ಯಾಲಯಕ್ಕೆ ಬೇರು ಅದು. ಜಿಕೆವಿಕೆಯಲ್ಲಿ 1978ರಲ್ಲಿ ಒಂದು ದೀರ್ಘ ಪ್ರಯೋಗ ಶುರುವಾಯ್ತು. ಅದೇ ಕೆಮ್ಮಣ್ಣು, ಮಳೆ ಆಶ್ರಯದ ರಾಗಿ, ಕೆಲವು ಮಡಿಗೆ ಬರೀ ರಾಸಾಯನಿಕ ಗೊಬ್ಬರ, ಕೆಲವಕ್ಕೆ ಕೊಟ್ಟಿಗೆ ಗೊಬ್ಬರವೂ ಸೇರಿ. ವರ್ಷಗಳು ಕಳೆದ ಹಾಗೆ ಬರೀ ರಾಸಾಯನಿಕದ ಮಡಿಗಳಲ್ಲಿ ಇಳುವರಿ ಕುಸೀತಾ ಬಂತು, ಕೊಟ್ಟಿಗೆ ಗೊಬ್ಬರ ಸೇರಿದವು ನಿಂತ್ಕೊಂಡವು. ನಮ್ಮತ್ತೆಗೆ ಇದನ್ನ ಓದಿ ಹೇಳಿದಾಗ “ಇದುಕ್ಕೆ ಅಷ್ಟು ವರ್ಷ ಬೇಕಾಯ್ತಾ” ಅಂದಿದ್ರು.

ಗೋಡೆಗೆ ಮಾತ್ರ ಈ ಮಣ್ಣು ಹೇಳಿ ಮಾಡಿಸಿದ್ದು. ಉಬ್ಬಲ್ಲ, ಕುಗ್ಗಲ್ಲ, ಮರಳು ಜೇಡಿ ಎರಡೂ ಇದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಕೋಟೆ ಮಣ್ಣಿನದ್ದು, 1761ರಲ್ಲಿ ಹೈದರಾಲಿ ಅದನ್ನ ಕಲ್ಲಲ್ಲಿ ಕಟ್ಟಿಸಿದ. ನಮ್ಮ ಕಡೆಯ ಹಳ್ಳಿಗಳ ಹಳೇ ಮನೆಗಳೆಲ್ಲಾ ಮಣ್ಣಿನ ಗೋಡೆಯವೇ. 1974ರಲ್ಲಿ ಐಐಎಸ್‌ಸಿಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಇದೇ ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೇ ಇರೋ ಇಟ್ಟಿಗೆ ಮಾಡಿ ತೋರಿಸಿದರು. ಸುಡೋ ಸೌದೆ ಉಳೀತು.

1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರು ಬಂದು ಕೈಗಾರಿಕಾ ಉಪನಗರಕ್ಕೆ ಅಡಿಗಲ್ಲು ಹಾಕಿದರು, ಅದೇ ರಾಜಾಜಿನಗರ. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಇವೆಲ್ಲಾ ರಾಗಿ ಹೊಲದ ಊರುಗಳು. ಮೊದಲು ಸಿಐಟಿಬಿ, 1976ರಿಂದ ಬಿಡಿಎ, ಅದರ ಪಕ್ಕದಲ್ಲೇ ರೆವಿನ್ಯೂ ಸೈಟುಗಳು. ನಮ್ಮ ಸೈಟಿನ ಹಳೇ ಪತ್ರದಲ್ಲಿ ‘ಖುಷ್ಕಿ ಜಮೀನು’ ಅಂತಿದೆ. ಖುಷ್ಕಿ ಅಂದರೆ ಮಳೆ ನಂಬಿದ ಹೊಲ, ತರಿ ಅಂದರೆ ಗದ್ದೆ, ಬಾಗಾಯ್ತು ಅಂದರೆ ತೋಟ. ದಿಬ್ಬದ ಖುಷ್ಕಿ ಮೇಲೆ ಮನೆ ಬಂದದ್ದು ಮಣ್ಣಿನ ದೃಷ್ಟಿಯಿಂದ ನೋಡಿದರೆ ತಪ್ಪೇನೂ ಅಲ್ಲ, ಪಾಯಕ್ಕೆ ಗಟ್ಟಿ ನೆಲ. ತಗ್ಗಿನ ತರಿ ಮೇಲೆ, ಕೆರೆ ಅಂಗಳದ ಮೇಲೆ ಬಂದದ್ದು ಬೇರೆ ವಿಷಯ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಹೊಟ್ಟೆಯಲ್ಲಿ, ಅದು ಎಲ್ಲರಿಗೂ ಗೊತ್ತು. ಹಂಗೆ ಮುಚ್ಚಿಹೋದ ಸಣ್ಣಪುಟ್ಟ ಕೆರೆ ಕುಂಟೆಗಳು ನಮ್ಮ ಕಡೆಯೂ ಇವೆ. ಜೋರು ಮಳೆ ದಿನ ಯಾವ ಬೀದಿಯಲ್ಲಿ ನೀರು ನಿಲ್ಲುತ್ತೆ ನೋಡ್ಕೊಳ್ಳಿ, ಅಲ್ಲಿ ಅಗೆದರೆ ಬೂದು ಜಿಗುಟು ಮಣ್ಣು ಬರುತ್ತೆ.

ಹೊಲಕ್ಕೂ ಕೆರೆಗೂ ಇದ್ದ ಕೊಡು-ಕೊಳ್ಳು ಅಲ್ಲಿಗೆ ನಿಂತುಹೋಯ್ತು. ಮೇಲಿನ ಮಣ್ಣಿಗೆ ಮಳೆ ತಾಗಲ್ಲ, ತಾರಸಿಯಿಂದ ಪೈಪು, ಪೈಪಿಂದ ಚರಂಡಿ, ಚರಂಡಿಯಿಂದ ವೃಷಭಾವತಿ. ಕೆಳಗಿನ ಬೈರಮಂಗಲದ ಕೆರೆಗೆ ಹೋಗಿ ಸೇರೋದು ಗೋಡಲ್ಲ, ನಮ್ಮ ಬಚ್ಚಲು ಮತ್ತು ಕಾರ್ಖಾನೆಗಳ ಕೊಳೆ. ಅಲ್ಲಿಯ ಮಣ್ಣನ್ನ ಯಾರೂ ತಮ್ಮ ಹೊಲಕ್ಕೆ ಆಸೆಪಟ್ಟು ಹೊಡ್ಕೊಂಡು ಹೋಗಲ್ಲ. ಬಯಲಾಗಿ ಉಳಿದ ಕೆಮ್ಮಣ್ಣು ನೋಡಬೇಕಂದ್ರೆ ನಮ್ಮ ಕಡೆ ಜ್ಞಾನಭಾರತಿ ಆವರಣಕ್ಕೆ ಹೋಗಬೇಕು, ಇಲ್ಲ ತುರಹಳ್ಳಿ ಕಾಡಿಗೆ.

ಇಷ್ಟೆಲ್ಲಾ ನಾನು ಓದೋಕೆ ಶುರು ಮಾಡಿದ್ದು ನಮ್ಮನೆ ಪಕ್ಕದ ನಾಲ್ಕು ಅಡಿ ಜಾಗದ ದೆಸೆಯಿಂದ. ಸೈಟಲ್ಲಿ ಮಣ್ಣು ಕಾಣ್ತಿದ್ದದ್ದು ಅದೊಂದೇ ಕಡೆ. ಒಂದು ಕರಿಬೇವು, ಒಂದು ದಾಸವಾಳ, ತುಳಸಿ. ಮಳೆ ಬಂದರೆ ಕೆಸರು, ಮನೆಯೊಳಗೆ ಹೆಜ್ಜೆ ಗುರುತು, ಟೈಲ್ಸ್ ಹಾಕಿಸಿಬಿಡೋಣ ಅಂತ ನಮ್ಮೆಜಮಾನ್ರು, ಮಗ ಇಬ್ಬರೂ ತೀರ್ಮಾನ ಮಾಡಿದ್ರು. 2024ರ ಬೇಸಿಗೆ ಅದು, ನಮ್ಮ ಬೀದಿಗೆ ದಿನಾ ಟ್ಯಾಂಕರ್ ಬರ್ತಿತ್ತು. ನಾನು ಪೇಪರ್ ಪೆನ್ನು ತಗೊಂಡು ಲೆಕ್ಕ ಹಾಕಿದೆ. ಮೂವತ್ತು ನಲವತ್ತರ ಸೈಟು ಅಂದರೆ ಸುಮಾರು 111 ಚದರ ಮೀಟರ್, ವರ್ಷದ ಮಳೆ 970 ಮಿಲಿಮೀಟರ್. 1 ಲಕ್ಷದ 8 ಸಾವಿರ ಲೀಟರ್ ಬರುತ್ತೆ. ಎಲ್ಲಾ ಹಿಡಿಯೋಕಾಗಲ್ಲ ಅನ್ನಿ. ಅರ್ಧ ಹಿಡಿದರೂ ಸಾಕಲ್ಲ? ಹೊಸದಾಗಿ ಕಟ್ಟೋ ಮೂವತ್ತು ನಲವತ್ತರ ಮನೆಗೆ ಮಳೆ ನೀರು ಕೊಯ್ಲು ಮಾಡಿಸಬೇಕು ಅಂತ ಜಲಮಂಡಳಿ ನಿಯಮ 2009ರಿಂದ ಇದೆ. ನಮ್ಮದು ಹಳೇ ಮನೆ, ನಿಯಮ ಹೇಳಿ ಹೆದರಿಸೋಕಾಗಲಿಲ್ಲ, ಲೆಕ್ಕ ಹೇಳಿಯೇ ಒಪ್ಪಿಸಬೇಕಾಯ್ತು. ಮಗ ಎರಡು ಸಲ ಗುಣಿಸಿ ನೋಡಿದ. “ಆಯ್ತಮ್ಮ, ಅಗೆಸೋಣ” ಅಂದ.

ಬಾವಿ ತೋಡೋದರಲ್ಲಿ ಪಳಗಿದ ಭೋವಿ ಜನ ಇಬ್ಬರು ಬಂದರು. ಮೂರಡಿ ಅಗಲ, ಇಪ್ಪತ್ತಡಿ ಆಳ, ಎರಡೂವರೆ ದಿನದ ಕೆಲಸ. ಮೊದಲ ಎರಡಡಿ ಬರೀ ಇಟ್ಟಿಗೆ ಚೂರು, ಸಿಮೆಂಟು ಗಟ್ಟಿ, ಮನೆ ಕಟ್ಟಿದಾಗ ತುಂಬಿದ್ದು. ಅದರ ಕೆಳಗೆ ಶುರುವಾಯ್ತು ನೋಡಿ, ಕುಂಕುಮದ ಭರಣಿ ತೆಗೆದ ಹಾಗೆ. ಹನ್ನೆರಡು ಅಡಿಗೆ ಕಲೆ ಕಲೆ ಮಣ್ಣು, ಹದಿನೆಂಟಕ್ಕೆ ಆ ಅರ್ಧ ಕಲ್ಲು, ಕೈಯಲ್ಲಿ ಒತ್ತಿದರೆ ಪುಡಿ. ಒಳಗಿದ್ದವರು “ಇದು ನೀರು ಕುಡಿಯೋ ಮಣ್ಣು ಅಕ್ಕಾ, ನಿಲ್ಸಿ ಸಾಕು” ಅಂತ ಕೂಗಿದರು. ಸಿಮೆಂಟ್ ರಿಂಗ್ ಇಳಿಸಿ, ತಾರಸಿ ಪೈಪಿಗೆ ಜಲ್ಲಿ ಮರಳಿನ ಡ್ರಮ್ಮು ಜೋಡಿಸಿ ಮುಚ್ಚಳ ಹಾಕಿದೆವು.

ಹೊರಗೆ ಬಂದ ಕೆಮ್ಮಣ್ಣನ್ನ ಟ್ರ್ಯಾಕ್ಟರ್‌ನವರಿಗೆ ಕೊಡಲಿಲ್ಲ. ಚೀಲಕ್ಕೆ ತುಂಬಿ ತಾರಸಿಗೆ ಏರಿಸಿದ್ದೀವಿ. ಆಳದ ಮಣ್ಣಲ್ಲಿ ಜೀವ ಇರಲ್ಲ, ಬರೀ ಅದನ್ನೇ ಕುಂಡಕ್ಕೆ ತುಂಬಿದರೆ ಗಿಡ ಕೊರಗುತ್ತೆ. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಹಳೇ ಸಗಣಿ ಗೊಬ್ಬರ, ಒಂದು ಪಾಲು ಅಡುಗೆಮನೆ ಸಿಪ್ಪೆಯ ಗೊಬ್ಬರ, ಕುಂಡಕ್ಕೊಂದು ಹಿಡಿ ಸೌದೆ ಬೂದಿ. ಮೇಲೆ ಹಪ್ಪಳ ಕಟ್ಟದ ಹಾಗೆ ವಾರಕ್ಕೊಮ್ಮೆ ಹಳೇ ಸೌಟಿನ ಹಿಡಿಯಲ್ಲಿ ಕೆದಕಬೇಕು. ಈ ಸಲ ನಾಲ್ಕು ಕುಂಡದಲ್ಲಿ ಅವರೆ ಹಾಕಿದ್ದೀನಿ, ಬಳ್ಳಿ ಕಂಬಿ ಹಿಡಿದಿದೆ.